ನೀರು ಇಳಿದ ದಾರಿಯ ತೋಟ

ಫೆಬ್ರುವರಿಯ ಮಧ್ಯಾಹ್ನ ಗೋವೆಯ ಫೋಂಡಾ ತಾಲೂಕಿನ ಗುಡ್ಡದ ನೆತ್ತಿಯಲ್ಲಿ ಚಿರೆಕಲ್ಲು ಕಾದು ಚಪ್ಪಲಿಯೊಳಗಿನ ಅಂಗಾಲಿಗೂ ಬಿಸಿ ಮುಟ್ಟುತ್ತದೆ. ಗೇರುಮರ ಬಿಟ್ಟರೆ ನೆರಳೆಂಬುದಿಲ್ಲ. ಅಲ್ಲಿಂದ ಸಾವೊಯ್ ವೆರೆಂ ಕಡೆಗೆ ಕಾಲುಹಾದಿ ಹಿಡಿದು ಇಳಿದೆವೋ ಇಲ್ಲವೋ, ಬೆವರು ಆರುವ ಮೊದಲೇ ಮೈ ತಣ್ಣಗಾಯಿತು. ಎಲ್ಲೋ ನೀರು ಹರಿಯುತ್ತಿದೆ, ಎಲ್ಲೆಂದು ತಿಳಿಯದು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಕುಳಾಗರವೆಂಬ ಅಡಿಕೆ ತೋಟ ಕಂಡಿತು.

ಶಿರಸಿ ಸೀಮೆಯ ತೋಟಗಳಲ್ಲಿ ಬೆಳೆದ ನನ್ನಂಥವನೂ ಬೆರಗಾಗುವ ತೋಟ. ನಮ್ಮಲ್ಲಿ ಅಡಿಕೆ ಸಾಲು ಹಿಡಿದು ನಿಲ್ಲುತ್ತದೆ, ಇಲ್ಲಿ ಸಂತೆಗೆ ಬಂದಂತೆ ಎಲ್ಲವೂ ನೆರೆದಿವೆ. ಮೇಲೆ ತೆಂಗು, ಅದರಡಿಗೆ ಅಡಿಕೆ, ಅಡಿಕೆಯ ಮೈಗೆ ಕಾಳುಮೆಣಸು, ಸಂದಿಯಲ್ಲಿ ಜಾಯಿಕಾಯಿ, ಮುರುಗಲು, ಹಲಸು, ಬಾಳೆ, ಕೆಳಗೆ ಅರಿಶಿನ, ಕೆಸು, ಅನಾನಸು. ಬಿಸಿಲು ನೆಲ ಮುಟ್ಟುವಷ್ಟರಲ್ಲಿ ಐದಾರು ಎಲೆಗಳಿಗೆ ಸುಂಕ ಕಟ್ಟಿರುತ್ತದೆ. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಪುಸ್ತಕದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಅಡಿಕೆ, ತೆಂಗು, ಹಲಸು, ಮೆಣಸುಗಳ ಬಗ್ಗೆ ಬರೆದಿದ್ದ. ಅವನಿಗೂ ಇಂಥದೇ ನೆರಳು ಸಿಕ್ಕಿತ್ತೇನೋ!

ಇಷ್ಟೊಂದು ಗಿಡಮರಕ್ಕೆ ನಕ್ಷೆ ಬರೆದವರು ಯಾರು? ನೀರೇ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಿದು. ತೂತುತೂತಾದ ಚಿರೆಕಲ್ಲು ಅದನ್ನು ಹೀರಿಕೊಂಡು, ಬೇಸಿಗೆಯಲ್ಲಿ ಗುಡ್ಡದ ಬುಡದಲ್ಲಿ ಒರತೆಯಾಗಿ ಬಿಡುತ್ತದೆ. ಒರತೆಯ ನೀರು ಕೆರೆಗೆ, ಕೆರೆಯಿಂದ ಕಾಲುವೆಗೆ, ಕಾಲುವೆಯಿಂದ ಕಲ್ಲುಕಟ್ಟೆಯ ಒಂದೊಂದೇ ಮೆಟ್ಟಿಲಿಗೆ. ನಾವಿದ್ದಷ್ಟು ಹೊತ್ತು ಮೋಟಾರಿನ ಸದ್ದೇ ಇಲ್ಲ. ದಾರಿಯಲ್ಲಿ ಹೊಸ ಬಂಗಲೆಯೊಂದರ ಹುಲ್ಲುಹಾಸಿಗೆ ಮೂರು ಪೈಪು ನೀರು ಚಿಮ್ಮಿಸುತ್ತಿದ್ದುದನ್ನು ನೋಡಿ ಬಂದಿದ್ದೆ. ಒಂದು ಹೂವೂ ಬಿಡದ ಆ ಹಸಿರಿಗೆ ಯಾವ ಜೇನು ಬಂದೀತು?

ಇಲ್ಲಿಗೆ ಬರುತ್ತದೆ. ತೋಟದ ಅಂಚಿನಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ, ತುಡುವೆ ಜೇನಿನ ಪೆಟ್ಟಿಗೆಗಳು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದಾರೆ. ಒಳಗೆ ನೆರಳಲ್ಲಿ ಯಾಕಿಡಲಿಲ್ಲ ಎಂದು ನನ್ನ ಹರುಕು ಕೊಂಕಣಿಯಲ್ಲಿ ಕೇಳಿದೆ. "ಅಲ್ಲಿ ಥಂಡಿ ಪುತಾ, ಹುಳ ತಡವಾಗಿ ಏಳುತ್ತದೆ" ಎಂದರು ತೋಟದ ಮನೆಯ ಹಿರಿಯ ಹೆಂಗಸು.

ಪೆಟ್ಟಿಗೆಯ ಬಾಗಿಲ ಬಳಿ ಕೂತು ನೋಡಿದೆ. ಕೆಲವು ಹುಳುಗಳ ಹಿಂಗಾಲಿಗೆ ಅಡಿಕೆ ಸಿಂಗಾರದ ಪರಾಗದುಂಡೆ. ಅಡಿಕೆಯಲ್ಲಿ ಮೊದಲು ಅರಳುವುದು ಗಂಡುಹೂ, ಅವು ಉದುರಿದ ಮೇಲೆ ಹೆಣ್ಣುಹೂ. ಹಾಗಾಗಿ ಪರಾಗಕ್ಕೆ ಈಗ ಸುಗ್ಗಿ. ಇನ್ನು ಕೆಲವು ಬರಿಗಾಲಲ್ಲಿ, ಹೊಟ್ಟೆ ಭಾರವಾಗಿ ಗುಡ್ಡದಿಂದ ಇಳಿಯುತ್ತಿದ್ದವು. ಗೇರುಹೂವಿನ ಮಕರಂದ ಕುಡಿದು ಬಂದವಿರಬೇಕು. ಗೇರನ್ನು ಬ್ರೆಜಿಲ್‌ನಿಂದ ತಂದವರು ಪೋರ್ಚುಗೀಸರು. ಕಡಲಾಚೆಯ ಹೂವನ್ನು ನಮ್ಮ ಕಾಡಿನ ತುಡುವೆ ಅದೆಷ್ಟು ಸಲೀಸಾಗಿ ತನ್ನದಾಗಿಸಿಕೊಂಡಿದೆ!

ಗೇರಿನ ಹಿಂದೆ ನೇರಳೆ, ಆಮೇಲೆ ಮತ್ತಿ. ಮಳೆಗೆ ಮುಂಚೆ ತುಪ್ಪ ತೆಗೆಯಬೇಕು, ಅದರಲ್ಲೂ ಒಂದಿಷ್ಟು ಹುಳುಗಳಿಗೇ ಬಿಡಬೇಕು. ಆಷಾಢದಲ್ಲಿ ಹೊರಗೆ ಹಾರಲಾಗದೆ ಹಸಿಯುತ್ತವೆ, ಆಗ ಸಕ್ಕರೆ ಪಾಕವೇ ಗತಿ. ಮಾತು 1991–92ರ ಥಾಯ್ ಸ್ಯಾಕ್‌ಬ್ರೂಡ್ ರೋಗದತ್ತ ಹೊರಳಿತು. ಕರ್ನಾಟಕ, ಕೇರಳಗಳಲ್ಲಿ ಮರಿಹುಳುಗಳು ಕೊಳೆತು ಪೆಟ್ಟಿಗೆಗೆ ಪೆಟ್ಟಿಗೆಯೇ ಬರಿದಾದ ಕಾಲ ಅದು. ನಮ್ಮ ಊರಲ್ಲೂ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದ್ದವು ಎಂದೆ. ಆಕೆ ತಲೆಯಾಡಿಸಿ, ಚೌತಿಯ ಕಥೆಗೆ ಜಾರಿದರು. ಗಣಪತಿಯ ಮೇಲೆ ಕಟ್ಟುವ ಮಾಟೋಳಿಗೆ ಈ ಗುಡ್ಡ, ಈ ತೋಟ ಅಲೆದು ಕಾಡುಕಾಯಿ, ಹಣ್ಣು, ಹೂಗೊಂಚಲು ತರುತ್ತಾರಂತೆ. ನಮ್ಮಲ್ಲಿಯ ಫಲಾವಳಿಯೇ ಅದು. ಅರ್ಧ ಕಾಯಿಗಳ ಹೆಸರು ಇಬ್ಬರಿಗೂ ಒಂದೇ.

ಹೊರಡುವಾಗ ಆಸೆ ತಡೆಯಲಾಗದೆ ಒಂದು ಗೂಡು ಕೇಳಿಯೇಬಿಟ್ಟೆ.

"ದೀಪಾವಳಿ ಕಳೆದ ಮೇಲೆ ಬಾ, ಸಂಸಾರ ಬಲಿತಿರುತ್ತದೆ, ಪಾಲು ಮಾಡಿ ಕೊಡುತ್ತೇನೆ. ಆದರೆ ರಾತ್ರಿಯೇ ಒಯ್ಯಬೇಕು, ಬಾಗಿಲಿಗೆ ಜಾಲರಿ ಬಡಿದು."

"ಬಸ್ಸಿನಲ್ಲಿ ಆದೀತೇ?"

"ಕಂಡಕ್ಟರಿಗೆ ಒಳಗೇನಿದೆ ಎಂದು ಹೇಳದಿದ್ದರೆ ಆದೀತು."