ಇಂಟು ಮಾರ್ಕು ಎಲ್ಲಿ ಹೋತು?

ಲಿನಕ್ಸ್ ಬಳಸೋ ನಮ್ಮಂಥವರಿಗೆ ಒಂದು ಚಟ. ಸರಿಯಾಗಿ ನಡೀತಿರೋದನ್ನ ಸುಮ್ಮನೆ ಬಿಡೋಕಾಗಲ್ಲ. ನನ್ನದೇ ಲ್ಯಾಪ್‌ಟಾಪ್ ಆಗಿದ್ರೆ ಕೆಟ್ಟರೂ ನನಗೇ ಕೆಡುತ್ತೆ ಬಿಡಿ. ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ನಾನು ಕೈ ಹಾಕಿದ್ದು ಅಪ್ಪಾಜಿಯ ಲ್ಯಾಪ್‌ಟಾಪಿಗೆ.

ಅದು ನಾನು ಬಿಇ ಓದುವಾಗ ಕೊಂಡಿದ್ದು, 2 ಜಿಬಿ ರ್‍ಯಾಮಿನದು. ಅದಕ್ಕೆ ಡೆಬಿಯನ್ ಹಾಕಿ, ಹಗುರ ಅಂತ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇಟ್ಟು ಅಪ್ಪಾಜಿಗೆ ಕೊಟ್ಟಿದ್ದೆ. ಅರವತ್ತು ದಾಟಿದ ಮೇಲೆ ಮೌಸ್ ಹಿಡಿದ ಮನುಷ್ಯ ಅವರು. ಮೊದಲ ವಾರ ಬಾಣದ ಗುರುತು ಕೋಳಿಮರಿ ಥರ ಪರದೆ ತುಂಬಾ ಓಡಾಡ್ತಿತ್ತು. ಆಮೇಲೆ ಹಿಡಿತ ಸಿಕ್ತು. ಅಡಿಕೆ ಕೊಯ್ಲಿನ ಕೂಲಿ, ಸುಲಿಯೋರ ಲೆಕ್ಕ, ಯಾರಿಗೆ ಎಷ್ಟು ಮುಂಗಡ ಅನ್ನೋದೆಲ್ಲ ಲಿಬ್ರೆಆಫೀಸ್ ಕ್ಯಾಲ್ಕಿನಲ್ಲಿ ಬರೆದಿಡೋಕೆ ಶುರು ಮಾಡಿದ್ರು. ಕೆಳಗಿನ ಮೊತ್ತ ತಾನಾಗೇ ಬದಲಾಗೋದನ್ನ ಬಂದ ನೆಂಟರಿಗೆಲ್ಲ ತೋರಿಸ್ತಿದ್ರು.

ಆ ಹೊತ್ತಿಗೆ ನನಗೆ ಐ3 ಅನ್ನೋ ವಿಂಡೋ ಮ್ಯಾನೇಜರಿನ ಹುಚ್ಚು ಹಿಡಿದಿತ್ತು. ವಿಂಡೋ ಮ್ಯಾನೇಜರ್ ಅಂದ್ರೆ ಪರದೆ ಮೇಲಿನ ಕಿಟಕಿಗಳ ಮೇಸ್ತ್ರಿ. ಕಿಟಕಿಗೆ ಅಂಚು ಕಟ್ಟೋದು, ಎಳೆದಾಗ ಸರಿಸೋದು, ದೊಡ್ಡದು ಚಿಕ್ಕದು ಮಾಡೋದು ಅದರ ಕೆಲಸ. 1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ಸಿಸ್ಟಮ್ ಈ ಮೇಸ್ತ್ರಿ ಕೆಲಸ ತಾನೇ ಮಾಡದೆ ಬೇರೆ ಪ್ರೋಗ್ರಾಮಿಗೆ ಬಿಟ್ಟುಕೊಡ್ತು. ಹಾಗಾಗಿ ಮನೆ ಅದೇ ಇಟ್ಕೊಂಡು ಮೇಸ್ತ್ರಿಯನ್ನ ಮಾತ್ರ ಬದಲಾಯಿಸಬಹುದು. ಐ3 ಕಿಟಕಿಗಳನ್ನ ಒಂದರ ಮೇಲೊಂದು ಬೀಳೋಕೆ ಬಿಡಲ್ಲ, ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಪರದೆಯನ್ನ ಪಾಲು ಮಾಡುತ್ತೆ. ಬಹಳ ಹಗುರ. ಹೆಚ್ಚುಕಮ್ಮಿ ಎಲ್ಲಾ ಕೀಬೋರ್ಡಿನಲ್ಲೇ.

ಹಳೇ ಲ್ಯಾಪ್‌ಟಾಪು ಚುರುಕಾಗುತ್ತೆ ಅಂತ ಅಪ್ಪಾಜಿ ತೋಟಕ್ಕೆ ಹೋದಾಗ ಕೂತೆ. ಡೆಬಿಯನ್‌ನಲ್ಲಿ ಇದಕ್ಕೆ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಅನ್ನೋ ಕಮಾಂಡ್ ಇದೆ. ಎಕ್ಸ್-ವಿಂಡೋ-ಮ್ಯಾನೇಜರ್ ಅನ್ನೋ ಹೆಸರಿಗೆ ಐ3 ಆರಿಸಿ ರೀಸ್ಟಾರ್ಟ್ ಮಾಡಿದೆ. ಮತ್ತೆ ಅದೇ ಎಕ್ಸ್‌ಎಫ್‌ಸಿಇ! ಹುಡುಕಿದಾಗ ಗೊತ್ತಾಯ್ತು, ಅಲ್ಲೊಂದು ಸರದಿ ಇದೆ. ಡೀಫಾಲ್ಟ್ ಲಾಗಿನ್ ಮೊದಲು ನೋಡೋದು ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ಡಾಟ್-ಎಕ್ಸ್‌ಸೆಷನ್ ಫೈಲ್ ಇದೆಯಾ ಅಂತ. ಇಲ್ಲದಿದ್ರೆ ಸೆಷನ್ ಮ್ಯಾನೇಜರ್. ಅದೂ ಇಲ್ಲದಿದ್ರೆ ಮಾತ್ರ ವಿಂಡೋ ಮ್ಯಾನೇಜರ್. ಯಜಮಾನರನ್ನ ಬಿಟ್ಟು ಮೇಸ್ತ್ರಿ ಹತ್ರ ಮಾತಾಡಿ ಬಂದಂಗಾಗಿತ್ತು. ಸರಿ, ಅಪ್ಪಾಜಿಯ ಡಾಟ್-ಎಕ್ಸ್‌ಸೆಷನ್‌ನಲ್ಲಿ ಐ3 ಶುರು ಮಾಡೋ ಒಂದೇ ಸಾಲು ಬರೆದೆ. ಕೆಲಸ ಆಯ್ತು. ಐದು ಶಾರ್ಟ್‌ಕಟ್ಟುಗಳನ್ನ ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದೆ. ಸಂಜೆ ಅಪ್ಪಾಜಿಗೆ ಹತ್ತು ನಿಮಿಷ ತೋರಿಸಿದೆ. "ಹ್ಞೂಂ, ಹ್ಞೂಂ" ಅಂದ್ರು. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದೆ.

ಎರಡು ವಾರ ಆದ್ಮೇಲೆ ಅಮ್ಮ ಫೋನಿನಲ್ಲಿ ಬೇರೇನೋ ಮಾತಾಡ್ತಾ, "ನಿಮ್ಮಪ್ಪ ಈಗ ಆ ಲ್ಯಾಪ್‌ಟಾಪ್ ಮುಟ್ಟಂಗಿಲ್ಲ ಬಿಡು" ಅಂದ್ರು. ಫೋನ್ ಅಪ್ಪಾಜಿಗೆ ಕೊಡಿಸಿ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಇಂಟು ಮಾರ್ಕು ಎಲ್ಲಿ ಹೋತಪ್ಪಾ?"

ಕಿಟಕಿ ಮುಚ್ಚೋ ಆ ಮೂಲೆಯ ಗುರುತು. ಐ3ಯಲ್ಲಿ ಅದು ಇರೋದೇ ಇಲ್ಲ.

"ಕಪ್ಪು ಪರದೆ ಬರ್ತತಿ. ಒಂದು ತೆಗೆದ್ರೆ ಇನ್ನೊಂದು ಅರ್ಧ ಆಗ್ತತಿ. ನಾನೇ ಏನೋ ಒತ್ತಿ ಹಾಳು ಮಾಡಿದ್ನೇನೋ ಅಂತ ಸುಮ್ನಿದ್ದೆ. ನಿಂಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತೀಯ ಅಂತ."

ನನಗೆ ಏನು ಹೇಳಬೇಕೋ ತಿಳೀಲಿಲ್ಲ. ನಾನು ಅವರ ಲ್ಯಾಪ್‌ಟಾಪ್ ಚುರುಕು ಮಾಡಿದ್ದೆ, ನಿಜ. ಆದ್ರೆ ಒಂದು ವರ್ಷ ಕಷ್ಟಪಟ್ಟು ಅವರು ಕೈಗೆ ಕಲಿಸಿದ್ದ ದಾರಿಯನ್ನ ಒಂದೇ ಸಾಲಿನಲ್ಲಿ ಅಳಿಸಿದ್ದೆ. ಅದರ ಮೇಲೆ ತಪ್ಪು ತಮ್ಮದೇ ಅಂದ್ಕೊಂಡು ಎರಡು ವಾರ ಕೂತಿದ್ರು.

"ಅಪ್ಪಾಜಿ, ಹಾಳು ಮಾಡಿದ್ದು ನೀವಲ್ಲ, ನಾನು" ಅಂದೆ. ಫೋನಿನಲ್ಲೇ ಹೇಳ್ತಾ ಹೋದೆ. ಆಫ್ ಮಾಡಿ ಆನ್ ಮಾಡಿ. ಪಾಸ್‌ವರ್ಡ್ ಕೇಳೋ ಪರದೆ ಬಂತಾ? ಮೇಲಿನ ಪಟ್ಟಿಯಲ್ಲಿ ಬಲಗಡೆ ಪುಟ್ಟ ಚಿತ್ರಗಳಿವೆಯಲ್ಲ, ಒಂದೊಂದೇ ಒತ್ತಿ ನೋಡಿ. ಎಕ್ಸ್‌ಎಫ್‌ಸಿಇ ಸೆಷನ್ ಅಂತ ಬರೆದಿರೋದು ಸಿಕ್ತಾ? ಅದನ್ನ ಒತ್ತಿ, ಪಾಸ್‌ವರ್ಡ್ ಹಾಕಿ.

ಹೀಗೆ ಆರಿಸಿದ್ರೆ ಡಾಟ್-ಎಕ್ಸ್‌ಸೆಷನ್ನಿನ ಮಾತು ನಡೆಯಲ್ಲ, ಮುಂದಿನ ಸಲಕ್ಕೂ ಇದೇ ಆಯ್ಕೆ ನೆನಪಿರುತ್ತೆ. ಅಂದ್ರೆ ಬೇಕಾದ್ದನ್ನ ಆರಿಸಿಕೊಳ್ಳೋಕೆ ಬಾಗಿಲಲ್ಲೇ ಜಾಗ ಇತ್ತು. ಎರಡನ್ನೂ ತೋರಿಸಿ "ಯಾವುದು ಬೇಕು ಅಪ್ಪಾಜಿ" ಅಂತ ನಾನು ಕೇಳಬಹುದಿತ್ತು. ಕೇಳಿರಲಿಲ್ಲ.

"ಬಂತು ಬಂತು! ಇಂಟು ಮಾರ್ಕು ಬಂತು!" ಆ ಕಡೆಯಿಂದ ಅಮ್ಮ ನಗೋದೂ ಕೇಳಿಸ್ತು.

ಮುಂದಿನ ಸಲ ಊರಿಗೆ ಹೋದಾಗ ಮೊದಲು ಮಾಡಿದ ಕೆಲಸ, ಆ ಡಾಟ್-ಎಕ್ಸ್‌ಸೆಷನ್ ಫೈಲ್ ಅಳಿಸಿದ್ದು. ಈ ಸಲ ಅಪ್ಪಾಜಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು, ಹೇಳಿ ಅಳಿಸಿದೆ. ಕ್ಯಾಲೆಂಡರ್ ಪಕ್ಕ ನನ್ನ ಚೀಟಿ ಇರಲಿಲ್ಲ. ಎಲ್ಲಿ ಅಂತ ಕೇಳಿದ್ದಕ್ಕೆ ಅಂಗಿ ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ರು. ಒಂದು ಕಡೆ ನನ್ನ ಐದು ಶಾರ್ಟ್‌ಕಟ್ಟು. ಹಿಂದುಗಡೆ ಸಣ್ಣ ಅಕ್ಷರದಲ್ಲಿ, ಆ ಎರಡು ವಾರದ ಕೂಲಿ ಲೆಕ್ಕ. ಇನ್ನೂ ಕಂಪ್ಯೂಟರಿಗೆ ಏರಿಸಿರಲಿಲ್ಲ.

"ನೀನೇ ಟೈಪ್ ಮಾಡು, ನಾನು ಹೇಳ್ತೀನಿ" ಅಂದ್ರು.

ಅವರು ಹೇಳ್ತಾ ಹೋದ್ರು, ನಾನು ಟೈಪ್ ಮಾಡ್ತಾ ಹೋದೆ.