ಬಾಲಭವನದ ಗೇಟಿನಲ್ಲಿ ಒಂದು ಶನಿವಾರ

ಹತ್ತಕ್ಕೆ ಇನ್ನೂ ಕಾಲು ಗಂಟೆ ಇದೆ. ಕಬ್ಬನ್ ಪಾರ್ಕಿನ ಬಾಲಭವನದ ಗೇಟಿನ ಹತ್ತಿರ ನಾನೂ ತಮ್ಮನೂ ಕೂತಿದ್ದೇವೆ. ಅವನ ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಬೆಳಿಗ್ಗೆ ಆರಕ್ಕೇ ಎದ್ದು ಎರಡು ದಾಳಿಂಬೆ ಬಿಡಿಸಿದ್ದಾನೆ. ಕಳೆದ ಸಲ ಬಂದಾಗ ಮಗಳ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಸೀಬೆಕಾಯಿ ಕಚ್ಚಲಾಗದೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

ಕೋರ್ಟಿನ ಆದೇಶದ ನಕಲು ಅವನ ಬ್ಯಾಗಿನಲ್ಲಿದೆ. ತಿಂಗಳ ಮೊದಲ ಮತ್ತು ಮೂರನೇ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಗು ತಂದೆಯ ಜೊತೆ. ಬಿಚ್ಚಿ ಮಡಿಚಿ, ಬಿಚ್ಚಿ ಮಡಿಚಿ, ಕಾಗದ ಮಡಿಕೆಯಲ್ಲಿ ಹರಿಯುತ್ತಾ ಬಂದಿದೆ.

ಆಟೊ ಒಂದು ನಿಲ್ಲುತ್ತದೆ. ಇಬ್ಬರೂ ಎದ್ದು ನಿಲ್ಲುತ್ತೇವೆ. ಇಳಿದವರು ಯಾರೋ ಅಜ್ಜಿ, ಮೊಮ್ಮಗ.

"ಟ್ರಾಫಿಕ್ ಇರ್ಬೇಕು, ಅಲ್ವಾ ಅಕ್ಕ?"

"ಇರುತ್ತಪ್ಪ."

ಹನ್ನೊಂದೂವರೆಗೆ ಮಗುವಿನ ತಾಯಿಯ ಕಡೆಯಿಂದ ಮೆಸೇಜು ಬರುತ್ತದೆ: 'ಅವಳಿಗೆ ಹುಷಾರಿಲ್ಲ.' ಮೊದಲು ಟ್ಯೂಷನ್ ಅಂದಿದ್ದರು, ಆಮೇಲೆ ನೆಂಟರ ಮದುವೆ. ಹೀಗೆ ತಪ್ಪುತ್ತಿರುವುದು ಇದು ಮೂರನೇ ಶನಿವಾರ. ಏನು ಜ್ವರವೋ, ಡಾಕ್ಟರಿಗೆ ತೋರಿಸಿದರೋ ಎಂದು ಕೇಳಲು ತಮ್ಮ ಫೋನ್ ಮಾಡುತ್ತಾನೆ. ರಿಂಗಾಗಿ ರಿಂಗಾಗಿ ನಿಂತುಹೋಗುತ್ತದೆ.

"ಮನೆ ಹತ್ರಾನೇ ಹೋಗ್ಬಿಡ್ತೀನಿ."

ನಾನು ಅವನ ಕೈ ಹಿಡಿಯುತ್ತೇನೆ. ವಕೀಲರು ಹೇಳಿದ್ದೂ ಅದನ್ನೇ: ಬಾಗಿಲಲ್ಲಿ ಗಲಾಟೆ ಬೇಡ, ಮೆಸೇಜು ಅಳಿಸಬೇಡಿ, ತಾರೀಖು ಟೈಮು ಬರೆದಿಡಿ.

"ಹಾಗಾದ್ರೆ ಈ ತಿಂಗಳ ದುಡ್ಡು ಕಳ್ಸಲ್ಲ."

"ಅದು ಮಗು ಊಟದ ದುಡ್ಡು ಕಣೋ."

ತಲೆ ತಗ್ಗಿಸುತ್ತಾನೆ. ಮಗು ತೋರಿಸಲಿಲ್ಲವೆಂದು ಜೀವನಾಂಶ ತಡೆಯುವಂತಿಲ್ಲ, ಜೀವನಾಂಶ ಬರಲಿಲ್ಲವೆಂದು ಮಗುವನ್ನು ತಡೆಯುವಂತಿಲ್ಲ. ಎರಡೂ ಬೇರೆ ಬೇರೆ.

ದಾರಿ ಇಲ್ಲವೆಂದಲ್ಲ. ಆದೇಶ ಕೊಟ್ಟ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ ಹಾಕಬಹುದು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಡಿ ಹೈಕೋರ್ಟಿಗೂ ಹೋಗಬಹುದು. ಬೇಕೆಂದೇ ಮೀರಿದ್ದು ಸಾಬೀತಾದರೆ ಆರು ತಿಂಗಳವರೆಗೆ ಸಾದಾ ಸಜೆಯೂ ಆಗಬಹುದು. ಆದರೆ ಅಮ್ಮನನ್ನು ಜೈಲಿಗೆ ಕಳಿಸಿದ ಅಪ್ಪನನ್ನು ಯಾವ ಮಗು ಓಡಿಬಂದು ತಬ್ಬಿಕೊಳ್ಳುತ್ತದೆ? ತಪ್ಪಿದ ಮೂರು ಶನಿವಾರಗಳಿಗೆ ಬದಲಿ ದಿನ ಕೊಡಿ ಎಂದು ಕೇಳೋಣ, ಅಷ್ಟು ಸಾಕು ಅನ್ನುತ್ತೇನೆ.

ನನ್ನ ಮನಸ್ಸನ್ನು ಕೊರೆಯುವುದು ಬೇರೊಂದು ಸಂಜೆ. ಐದಕ್ಕೆ ಮಗುವನ್ನು ಒಪ್ಪಿಸಬೇಕಾದವನು ಇವನು, ಜಾತ್ರೆ ತೋರಿಸಿಕೊಂಡು ಎಂಟೂವರೆಗೆ ಬಂದಿದ್ದ. ಆ ತಾಯಿ ಮೂರೂವರೆ ಗಂಟೆ ಇದೇ ಗೇಟಿನಲ್ಲಿ ನಿಂತಿದ್ದಳು. ಮಗು ಅಮ್ಮನ ಮುಖ ನೋಡಿ ಕೈಯಲ್ಲಿದ್ದ ಪೀಪಿಯನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟಿತು. ತಮ್ಮನಿಗೆ ಅವತ್ತೇ ನಾನು ಬುದ್ಧಿ ಹೇಳಬೇಕಿತ್ತು. ಹೇಳಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ಶನಿವಾರಗಳು ತಮ್ಮನದ್ದೂ ಅಲ್ಲ, ಆ ತಾಯಿಯದ್ದೂ ಅಲ್ಲ. ಸಂತಸದ ಪೀಪಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ ಆ ಪುಟ್ಟ ಕೈಯವು.

ಒಂದು ಗಂಟೆ. ಬಿಸಿಲು ಕಾಲ ಬುಡಕ್ಕೆ ಬಂದಿದೆ. ತಮ್ಮ ಡಬ್ಬಿ ತೆಗೆದು ನೋಡುತ್ತಾನೆ. ಕಾಳು ಕಂದಿ, ತಳದಲ್ಲಿ ಕೆಂಪು ನೀರು ನಿಂತಿದೆ. ಮುಚ್ಚಳ ಹಾಕಿ ಡೈರಿ ಬಿಚ್ಚುತ್ತಾನೆ. ತಾರೀಖು, 9.45ರಿಂದ 1.00, ಬರಲಿಲ್ಲ. ಅಷ್ಟು ಬರೆದು ಪೆನ್ನು ಮುಚ್ಚಿದವನು ಮತ್ತೆ ತೆರೆಯುತ್ತಾನೆ. ವಕೀಲರು ಕೇಳದ ಇನ್ನೊಂದು ಸಾಲನ್ನು ಕೆಳಗೆ ಬರೆಯುತ್ತಾನೆ:

'ಹಲ್ಲು ಬಿತ್ತಾ? ಕೇಳಬೇಕು.'