ನಿಜವಾದ ಕೆಂಪು ಯಾವುದು?

ಸಿಂಧನೂರಿನ ಬಸ್ ನಿಲ್ದಾಣದ ಹಿಂಬದಿಯ ಓಣಿಯಲ್ಲಿ ವಾಸವಾಗಿರುವ ಆ ಹಿರಿಯರನ್ನು ಹೆಸರು ಹಿಡಿದು ಕರೆಯುವವರು ವಿರಳ. ಟಾಕೀಜಿನ ಮಹಡಿಯ ಮೇಲಿನ ಯಂತ್ರದ ಕೋಣೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ರೀಲು ಓಡಿಸಿದವರಾದ್ದರಿಂದ ಓಣಿಯವರಿಗೆಲ್ಲ ಅವರು ‘ಆಪರೇಟರ್ ಕಾಕಾ’. ಕಾರ್ಬನ್ ಕಡ್ಡಿಯ ಉರಿಯನ್ನು ಕಿಂಡಿಯಿಂದ ನೋಡಿ ನೋಡಿ ಅವರ ಕಣ್ಣು ಮಂಜಾಗಿರಬೇಕೆಂದು ಯಾರಾದರೂ ಊಹಿಸಿದರೆ ಅದು ತಪ್ಪು. ಪರದೆಯ ಮೇಲಿನ ಬಣ್ಣ ಕೂದಲೆಳೆಯಷ್ಟು ಜಾರಿದರೂ ಹಿಡಿಯಬಲ್ಲ ಕಣ್ಣು ಅದು.

ಕೆಂಪು ಬಣ್ಣದೊಡನೆ ಮಾತ್ರ ಆ ಕಣ್ಣಿಗೆ ಹಳೆಯ ವೈರ. ಈಸ್ಟ್‌ಮನ್ ಕಲರ್ ಪ್ರತಿಗಳು ಹಳತಾದಂತೆಲ್ಲ ಉಳಿದ ಬಣ್ಣಗಳು ಮೊದಲು ಮಾಸಿ, ಕೊನೆಗೆ ಚಿತ್ರವೆಲ್ಲ ಕೆಂಪಡರಿ ನಿಲ್ಲುತ್ತದೆ. ಹತ್ತಾರು ವರ್ಷ ಊರೂರು ಸುತ್ತಿ ಬಂದ ಪ್ರತಿಗಳಲ್ಲಿ ಆಕಾಶವೂ ಕೆಂಪು, ಗಿಡಮರಗಳೂ ಕೆಂಪು, ನಾಯಕಿಯ ಕಣ್ಣೀರೂ ಕೆಂಪು! ಕಾಕಾ ಅವರ ಲೆಕ್ಕದಲ್ಲಿ ಪರದೆ ಕೆಂಪಾಯಿತೆಂದರೆ ಪ್ರತಿ ಸತ್ತಿತೆಂದೇ ಅರ್ಥ.

ಇಂಥವರನ್ನು ಒಂದು ಶನಿವಾರ ಲಿಂಗಸುಗೂರಿಗೆ ಕರೆಸಿಕೊಂಡವನು ಅವರ ಸೋದರಳಿಯ. ಹಟ್ಟಿಯ ಚಿನ್ನದ ಗಣಿಗೆ ದಿನವೂ ಹೋಗಿಬರುವ ನೌಕರ. ಮನೆಗೆ ಆಗತಾನೆ ಗೋಡೆಯಗಲದ ಟೀವಿ ತಂದಿದ್ದ. ಅಮೆರಿಕದಲ್ಲಿರುವ ಗೆಳೆಯನಿಂದ ಒಂದೇ ಚಿತ್ರದ ಎರಡು ಡಿಸ್ಕುಗಳನ್ನು ತರಿಸಿ, ಯಾವುದು ಮೇಲೆಂಬ ತೀರ್ಪಿಗಾಗಿ ಮಾವನನ್ನು ಕಾಯುತ್ತಿದ್ದ.

ಚಿತ್ರದ ಹೆಸರು ‘ಸುಸ್ಪಿರಿಯಾ’. ೧೯೭೭ರಲ್ಲಿ ಇಟಲಿಯ ದಾರಿಯೋ ಅರ್ಜೆಂಟೋ ನಿರ್ದೇಶಿಸಿದುದು. ನೃತ್ಯ ಕಲಿಯಲೆಂದು ಜರ್ಮನಿಗೆ ಬಂದ ಅಮೆರಿಕದ ಹುಡುಗಿಯೊಬ್ಬಳು ತಾನು ಸೇರಿದ ಶಾಲೆಯೇ ಮಾಟಗಾತಿಯರ ಬೀಡೆಂದು ಅರಿಯುತ್ತಾಳೆ. ಕಥೆಯೆಂಬುದು ಇಷ್ಟೇ, ಅಜ್ಜಿಯರು ಇದಕ್ಕಿಂತ ಚೆನ್ನಾಗಿ ಹೇಳಿಯಾರು. ಆದರೆ ಬಣ್ಣದ ಮಾತೇ ಬೇರೆ. ಛಾಯಾಗ್ರಾಹಕ ಲೂಚಾನೋ ತೊವೊಲಿ ಪ್ರಬಲವಾದ ದೀಪಗಳ ಮುಂದೆ ಬಣ್ಣದ ಬಟ್ಟೆ, ತೆಳುಗಾಗದಗಳನ್ನು ಒಡ್ಡಿ, ಅವನ್ನು ಪಾತ್ರಗಳ ಮುಖದ ಸಮೀಪಕ್ಕೇ ತಂದು, ಕೆಂಪು ನೀಲಿ ಹಸಿರುಗಳನ್ನು ಎರಚಿದ. ಅಂದಿನ ಪ್ರತಿಗಳು ಸಿದ್ಧವಾದದ್ದು ಟೆಕ್ನಿಕಲರ್ ಸಂಸ್ಥೆಯ ಹಳೆಯ ಕ್ರಮದಲ್ಲಿ. ಸೀರೆಗೆ ಅಚ್ಚೊತ್ತುವವರಂತೆ ಮೂರು ಬಣ್ಣಗಳನ್ನು ಒಂದಾದ ಮೇಲೊಂದು ಫಿಲ್ಮಿನ ಮೇಲೆ ಒತ್ತುವ ಆ ಕ್ರಮದಲ್ಲಿ ಬಣ್ಣ ಸುಲಭವಾಗಿ ಮಾಸದು. ಅಂದರೆ ಇಲ್ಲಿಯ ಕೆಂಪು ಸಾವಿನ ಕೆಂಪಲ್ಲ, ಬೇಕೆಂದೇ ಹಾಕಿದ ಕೆಂಪು. ಅದನ್ನು ಮನೆಯ ಪರದೆಗೆ ಇಳಿಸುವವರು ಎಷ್ಟು ಉಳಿಸಿದರು, ಎಷ್ಟು ತಾವಾಗಿ ಸೇರಿಸಿದರು ಎಂಬುದೇ ವಿವಾದ.

“ನಾ ಈ ಪಿಚ್ಚರ್ ನೋಡೇ ಇಲ್ಲಲ್ಲೋ! ಖರೆ ಯಾವುದು, ಸುಳ್ಳು ಯಾವುದು ಅಂತ ಹ್ಯಾಂಗ ಹೇಳಲಿ?” ಎಂದರು ಕಾಕಾ. ನ್ಯಾಯವಾದ ಪ್ರಶ್ನೆ. ಆದರೂ ಕುಳಿತರು.

ಮೊದಲು ಹಳೆಯ ಡಿಸ್ಕು. ನಾಯಕಿ ವಿಮಾನ ನಿಲ್ದಾಣದಿಂದ ಸುರಿವ ಮಳೆಗೆ ಹೊರಬಿದ್ದು ಟ್ಯಾಕ್ಸಿ ಏರಿದಳು.

“ಮಾಮಾ, ಕೆಂಪು ಹ್ಯಾಂಗ ಹೊಡೀತೈತಿ ನೋಡ್ರಿ!”

“ಕೆಂಪು ಐತಿ, ಖರೆ. ಹುಡುಗಿ ಮಾರಿ ಎಲ್ಲಿ ಹೋತು?”

ಅಳಿಯ ದಿಟ್ಟಿಸಿದ. ಹೌದು, ಬೆಳಕು ಬಿದ್ದೆಡೆ ಕೆನ್ನೆ, ಹಣೆಗಳು ಸುಣ್ಣ ಬಳಿದ ಗೋಡೆಯಾಗಿದ್ದವು. ಬಣ್ಣ ಕಣ್ಣಿಗೆ ರಾಚಲೆಂದು ಬಿಳಿಯನ್ನೂ ಕಪ್ಪನ್ನೂ ಅತಿಯಾಗಿ ಎಳೆದುದರ ಫಲ. ಕುರುಡ ಪಿಯಾನೋ ವಾದಕನೊಬ್ಬ ನಾಯಿಯೊಡನೆ ನಡುರಾತ್ರಿ ವಿಶಾಲವಾದ ಚೌಕವನ್ನು ದಾಟುವ ದೃಶ್ಯದಲ್ಲಿ ಕಾಕಾ ಎದ್ದು ಪರದೆಯ ಹತ್ತಿರ ಹೋದರು. “ಕತ್ತಲಿ ಬ್ಯಾರೆ, ಮಸಿ ಬ್ಯಾರೆ. ಇದು ಮಸಿ” ಎಂದು ಬಂದು ಕುಳಿತರು.

ಎರಡನೆಯದು ಅಮೆರಿಕದ ಸಿನಾಪ್ಸ್ ಸಂಸ್ಥೆ ಮೂಲ ನೆಗೆಟಿವ್‌ನಿಂದ, ತೊವೊಲಿಯ ಮೇಲ್ವಿಚಾರಣೆಯಲ್ಲೇ ಸಿದ್ಧಪಡಿಸಿ ೨೦೧೭ರಲ್ಲಿ ಹೊರತಂದದ್ದು. ಕೆಂಪು ಅಷ್ಟೇ ಉಗ್ರವಾಗಿತ್ತು. ಆದರೆ ಅದರ ಒಳಗೊಂದು ಹೆದರಿದ ಮುಖವಿತ್ತು. ಕತ್ತಲೆಯೊಳಗೆ ಕಂಬಗಳು ಒಂದರಿಂದೊಂದು ಬೇರೆಯಾಗಿ ನಿಂತವು. ಅಳಿಯನಿಗೆ ಮಾತ್ರ ಒಂದು ಅಸಮಾಧಾನ.

“ಹುಡಿ ಹಾರಿದಂಗ ಕಾಣ್ತೈತಲ್ರಿ ಮಾಮಾ?”

“ಅದು ಫಿಲ್ಮಿನ ಕಣ. ಅಕ್ಕಿ ಪಾಲಿಶ್ ಮಾಡಿ ಮಾಡಿ ತೌಡೆಲ್ಲ ತಗದ್ರ ಬೆಳ್ಳಗ ಆಗ್ತೈತಿ, ಸತ್ವ ಇರಂಗಿಲ್ಲ.” ಭತ್ತದ ಊರಿನವರಲ್ಲವೆ, ಉಪಮೆಗೆ ದೂರ ಹೋಗಬೇಕಾಗಲಿಲ್ಲ.

ಧ್ವನಿಯ ಪರೀಕ್ಷೆ ಪೂರ್ತಿಯಾಗಲಿಲ್ಲ. ಗಾಬ್ಲಿನ್ ತಂಡದ ಪಿಸುಮಾತಿನ ಸಂಗೀತ ಮೂಲೆ ಮೂಲೆಯಿಂದ ಹೊರಟೊಡನೆ ಒಳಗಿನಿಂದ, “ತಮ್ಮಾ, ಅರ್ಧರಾತ್ರ್ಯಾಗ ಇದೇನೋ ಪಿಶಾಚಿ ಕೂಗು?” ಎಂದು ಅಕ್ಕ ಗದರಿದ್ದರಿಂದ ಯಂತ್ರದ ಸದ್ದಡಗಿತು.

ಆಗ ಅಳಿಯ ಮೊಬೈಲಿನಲ್ಲಿ ‘ನಾ ನಿನ್ನ ಬಿಡಲಾರೆ’ಯನ್ನು ತೆರೆದ. ೧೯೭೯ರಲ್ಲಿ ವಿಜಯ್ ನಿರ್ದೇಶಿಸಿದ, ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯಿಸಿದ ಆ ಚಿತ್ರ ಕನ್ನಡದ ಎಷ್ಟು ಮನೆಗಳಲ್ಲಿ ಮಕ್ಕಳು ರಾತ್ರಿ ಒಬ್ಬರೇ ಹಿತ್ತಲಿಗೆ ಹೋಗದಂತೆ ಮಾಡಿತೋ, ವಾಚಕರು ಬಲ್ಲರು. ಅವನ ಬಳಿಯಿದ್ದುದು ಯಾವುದೋ ಹಳೆಯ ವೀಡಿಯೋ ಟೇಪಿನಿಂದ ಇಳಿಸಿದ ಮಂಕು ನಕಲು. ಕಂಪ್ಯೂಟರಿಗೆ ಹಾಕಿದರೆ ಮುಖಗಳನ್ನೆಲ್ಲ ತಾನೇ ತಿದ್ದಿ ಹೊಸದು ಮಾಡಿಕೊಡುತ್ತದೆಂದ.

“ನಾಳೆ ಬಸ್ಸಿನ್ಯಾಗ ಹೋಗುವಾಗ ಮಸ್ಕಿ ಬರ್ತೈತಲ್ಲ, ಆ ಕಲ್ಲಿಗೂ ಹಂಗ ಮಾಡೂಣೇನು?” ಎಂದರು ಕಾಕಾ.

ಅವರು ಹೇಳಿದ್ದು ಅಶೋಕನ ಶಾಸನವನ್ನು. ೧೯೧೫ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆ ಅದು. ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನೆಂಬ ಹೆಸರು ಮೊದಲ ಬಾರಿಗೆ ದೊರೆತದ್ದು ಅಲ್ಲಿಯೇ. ಸಾಲುಗಳಲ್ಲಿ ಅನೇಕ ಅಕ್ಷರಗಳು ಅಳಿದಿವೆ. ಅದನ್ನು ಓದಿ ಪ್ರಕಟಿಸಿದ ಎಚ್. ಕೃಷ್ಣಶಾಸ್ತ್ರಿಗಳು ಊಹಿಸಬೇಕಾದುದನ್ನು ಕಾಗದದ ಮೇಲೆ ಊಹಿಸಿದರೇ ಹೊರತು ಉಳಿ ಹಿಡಿದು ಬಂಡೆಯ ಮೇಲೆ ಹೊಸ ಅಕ್ಷರ ಕೊರೆಯಲಿಲ್ಲ. ಯಂತ್ರ ತಾನಾಗಿ ಬರೆದ ಲಕ್ಷ್ಮಿಯ ಮುಖ, ಲಕ್ಷ್ಮಿಯದಲ್ಲ.

ಕನ್ನಡಕ್ಕೆ ಸರಿಯಾದ ಆರೈಕೆ ದೊರೆಯದೆಂದೇನೂ ಇಲ್ಲ. ‘ಸುಸ್ಪಿರಿಯಾ’ದ ವರ್ಷವೇ ತಯಾರಾದ, ಗಿರೀಶ ಕಾಸರವಳ್ಳಿಯವರ ಕಪ್ಪುಬಿಳುಪಿನ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕೋರ್ಸೆಸೆ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ, ಇಟಲಿಯ ಬೊಲೋನ್ಯಾ ನಗರದ ಪ್ರಯೋಗಾಲಯದಲ್ಲೇ ಜೀರ್ಣೋದ್ಧಾರ ಮಾಡಿಸಿದವು, ೨೦೨೪ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಪ್ರಶಸ್ತಿ ಪಡೆದ ಚಿತ್ರಕ್ಕೆ ಒದಗಿದ ಈ ಭಾಗ್ಯ ದೆವ್ವದ ಚಿತ್ರಕ್ಕೆ ಎಂದು ಒದಗೀತೋ! ಇಟಲಿಯವರು ತಮ್ಮ ಮಾಟಗಾತಿಯರನ್ನೂ ಬಿಡಲಿಲ್ಲವೆಂಬುದು ನೆನಪಿಡತಕ್ಕದ್ದು.

ಮರುದಿನ ಮಾವನನ್ನು ಕಳಿಸಲು ಅಳಿಯನೂ ಸಿಂಧನೂರಿಗೆ ಬಂದ. ಮಸ್ಕಿ ದಾಟಿದ ಮೇಲೆ ಕಾಕಾ ತಾವಾಗಿಯೇ ಬಾಯಿ ಬಿಟ್ಟರು. ಫಿಲ್ಮು ಹರಿದಾಗಲೆಲ್ಲ ಹರಿದೆಡೆಯ ಎರಡೋ ನಾಲ್ಕೋ ಚಿತ್ರಗಳನ್ನು ಕತ್ತರಿಸಿ, ಅಂಟು ಹಚ್ಚಿ ಜೋಡಿಸಿ ಆಟ ಮುಂದುವರಿಸುವುದು ಅವರ ಕೆಲಸವಾಗಿತ್ತು. ಜನ ಶಿಳ್ಳೆ ಹೊಡೆಯುತ್ತಿರುವಾಗ ಯೋಚಿಸಲು ವ್ಯವಧಾನವೆಲ್ಲಿ? ಕತ್ತರಿಸಿದ ತುಂಡುಗಳು ಓಣಿಯ ಹುಡುಗರ ಪಾಲು. ಸುಟ್ಟ ಬಲ್ಬಿಗೆ ನೀರು ತುಂಬಿ, ಕನ್ನಡಿಯ ಬಿಸಿಲು ಬಿಟ್ಟು, ಅವರೂ ಗೋಡೆಯ ಮೇಲೆ ಸಿನಿಮಾ ತೋರಿಸುತ್ತಿದ್ದರು.

“ಎಷ್ಟು ಕತ್ತರಿಸೇನೋ, ಲೆಕ್ಕ ಇಟ್ಟಿಲ್ಲಪಾ” ಎಂದರು ಕಾಕಾ. ಅಳಿಯ ಮಾತಾಡಲಿಲ್ಲ.

ಮನೆಗೆ ಬಂದವರೇ ಮಂಚದ ಕೆಳಗಿನ ಟ್ರಂಕನ್ನು ಎಳೆದು, ಹಳೆಯ ಟಿಕೆಟ್ಟುಗಳ ಅಡಿಯಿಂದ ಬೆರಳುದ್ದದ ಒಂದು ತುಂಡು ತೆಗೆದರು. ‘ನಾ ನಿನ್ನ ಬಿಡಲಾರೆ’ಯದು. ಅಳಿಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಸೀರೆಯುಟ್ಟ ಹೆಂಗಸೊಬ್ಬಳು ಬಾಗಿಲ ಬಳಿ ತಿರುಗಿ ನಿಂತಿದ್ದಳು. ಗೋಡೆ, ಬಾಗಿಲು, ಮುಖ, ಸೀರೆ ಎಲ್ಲವೂ ಕೆಂಪು.

“ಮಾಮಾ, ಈ ಸೀರಿ ಆವಾಗ ಯಾವ ಬಣ್ಣ ಇತ್ರಿ?”

ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಹಸರು” ಎಂದರು. ಮತ್ತೆ ತುಂಡನ್ನು ಹೊರಳಿಸಿ ನೋಡಿ, “ಅಲ್ಲ, ತಡಿ. ನೀಲಿ ಇರಬೇಕು” ಎಂದರು.